ನಂದಿನಿ ಯಾರ ಸ್ವತ್ತು?



ಬೆಂಗಳೂರಿನ ಎಷ್ಟೋ ಜನ ಬೆಳಿಗ್ಗೆ ನಂದಿನಿ ಹಾಲಿನ ಪ್ಯಾಕೆಟ್ ಕತ್ತರಿಸಿ ಕಾಫಿ ಮಾಡಿಕೊಳ್ಳುತ್ತಾರೆ. ಭಾನುವಾರ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ನಂದಿನಿ ಹೋಟೆಲಿಗೆ ಹೋಗಿ ಆಂಧ್ರ ಊಟ ಮಾಡಿ ಬರುತ್ತಾರೆ. ಹಾಲಿನವರೇ ಈಗ ಬಿರಿಯಾನಿಯನ್ನೂ ಮಾಡುತ್ತಿದ್ದಾರೆ ಎಂದು ತಿಳಿದವರನ್ನು ನಾನಂತೂ ಕಂಡಿಲ್ಲ. ಆದರೂ ಈ ಎರಡು ನಂದಿನಿಗಳು ಒಂದರ ಮೇಲೊಂದು ವ್ಯಾಜ್ಯ ಹೂಡಿ, ಟ್ರೇಡ್‌ಮಾರ್ಕ್ ಕಚೇರಿಯಿಂದ ಹೊರಟು ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ಹೋದವು. 2018ರ ಜುಲೈ 26ರಂದು ತೀರ್ಪು ಬಂತು. ಅಂಗಡಿಗೋ ಉಪ್ಪಿನಕಾಯಿಗೋ ಹೆಸರಿಡಲು ಹೊರಟವರು ಯಾರಾದರೂ ನನ್ನ ಬಳಿ ಬಂದರೆ ಮೊದಲು ಹೇಳುವುದು ಈ ಕಥೆಯನ್ನೇ.

ಕರ್ನಾಟಕ ಹಾಲು ಮಹಾಮಂಡಳಿ ನಂದಿನಿ ಎಂಬ ಹೆಸರನ್ನು ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಬಳಸಲು ತೊಡಗಿದ್ದು 1985ರಲ್ಲಿ. ಟ್ರೇಡ್‌ಮಾರ್ಕ್ ಲೆಕ್ಕದಲ್ಲಿ 29 ಮತ್ತು 30ನೇ ವರ್ಗಗಳಲ್ಲಿ ಅದನ್ನು ನೋಂದಾಯಿಸಿಯೂ ಇತ್ತು. ಹೋಟೆಲಿನವರು ಅದೇ ಹೆಸರಿನಲ್ಲಿ ವ್ಯಾಪಾರ ಆರಂಭಿಸಿದ್ದು 1989ರಲ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಇವರು ಒಂದು ಎಚ್ ಹೆಚ್ಚಿಗೆ ಹಾಕುತ್ತಾರೆ, ಪಕ್ಕದಲ್ಲಿ ದೀಪದ ಚಿತ್ರ. ಮಹಾಮಂಡಳಿಯದು ಹಸುವಿನ ಚಿತ್ರ. ಮುಂದೆ ಹೋಟೆಲಿನವರು ಮಾಂಸ, ಮೀನು, ಖಾದ್ಯತೈಲ, ಕಾಫಿ, ಚಹಾ, ಸಕ್ಕರೆ, ಅಕ್ಕಿ ಮೊದಲಾದವುಗಳಿಗೂ ತಮ್ಮ ಹೆಸರನ್ನು ನೋಂದಾಯಿಸಲು ಅರ್ಜಿ ಹಾಕಿದರು. ಮಾಂಸವೂ ಮೀನೂ ಹಾಲೂ ಅದೇ 29ನೇ ವರ್ಗದಲ್ಲಿ ಬರುತ್ತವೆ. ಮಹಾಮಂಡಳಿ ಆಕ್ಷೇಪ ಸಲ್ಲಿಸಿತು. ನೋಂದಣಾಧಿಕಾರಿ ಹೋಟೆಲಿನವರ ಅರ್ಜಿಯನ್ನು ಒಪ್ಪಿದರು, ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿತು, ಹೈಕೋರ್ಟ್ ಮಂಡಳಿಯ ಆದೇಶವನ್ನೇ ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ಮತ್ತೊಮ್ಮೆ ತಿರುಗಿಸಿ ಹೋಟೆಲಿನವರ ಪರ ನಿಂತಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ನೋಂದಣಿ ಸಿಗಬಾರದೆಂದಿತು, ಅದನ್ನು ಹೋಟೆಲಿನವರೇ ಬಿಟ್ಟುಕೊಡಲು ಸಿದ್ಧರಿದ್ದರು.

ನ್ಯಾಯಾಲಯ ಕೊಟ್ಟ ಕಾರಣಗಳು ಗಮನಿಸತಕ್ಕವು. ನಂದಿನಿ ಎಂಬುದು ಮಹಾಮಂಡಳಿ ಹುಟ್ಟಿಸಿದ ಪದವಲ್ಲ. ಪುರಾಣದ ಕಾಲದಿಂದ ಎಲ್ಲರ ಬಾಯಲ್ಲಿರುವ ದೇವಿಯ ಹೆಸರು, ಹಸುವಿನ ಹೆಸರು. ಅಂಥ ಹೆಸರಿನ ಮೇಲೆ ಒಬ್ಬರೇ ಹಕ್ಕು ಸಾಧಿಸಬೇಕಾದರೆ, ಆ ಹೆಸರು ಕೇಳಿದ ಕೂಡಲೇ ಜನರಿಗೆ ತಮ್ಮ ಸರಕೇ ನೆನಪಾಗುವಷ್ಟು ಅದು ಬೇರೂರಿದೆ ಎಂದು ತೋರಿಸಬೇಕು. 1985ಕ್ಕೂ 1989ಕ್ಕೂ ನಡುವೆ ನಾಲ್ಕೇ ವರ್ಷ, ಅಷ್ಟರಲ್ಲಿ ಹಾಗೆ ಬೇರೂರಿತ್ತೆಂದು ಹೇಳುವುದು ಕಷ್ಟ. ಇನ್ನೊಂದು, ಒಂದು ವರ್ಗದಲ್ಲಿ ಕೆಲವು ಸರಕುಗಳಿಗೆ ನೋಂದಣಿ ಪಡೆದ ಮಾತ್ರಕ್ಕೆ ಇಡೀ ವರ್ಗವೇ ಅವರ ಪಾಲಾಗುವುದಿಲ್ಲ. ಇದಕ್ಕೆ 1996ರ ಹಳೆಯ ತೀರ್ಪೊಂದರ ಆಧಾರವಿತ್ತು: ಚಾರ್ಮಿನಾರ್ ಹೆಸರನ್ನು ಸಿಗರೇಟಿಗೆ ಬಳಸುತ್ತಿದ್ದ ಕಂಪನಿ, ತಾನು ಮಾಡದೇ ಇದ್ದ ಜರ್ದಾಕ್ಕೂ ಆ ಹೆಸರನ್ನು ಕಟ್ಟಿಟ್ಟುಕೊಳ್ಳಲು ಆಗುವುದಿಲ್ಲ ಎಂದಿದ್ದ ತೀರ್ಪು.

ಇದರಿಂದ ಮಹಾಮಂಡಳಿಗೆ ಅನ್ಯಾಯವಾಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಾಲಿನ ಲೋಕದಲ್ಲಿ ನಂದಿನಿ ಇವತ್ತಿಗೂ ಅವರದೇ. ಆದರೆ ನೋಂದಣಿ ಪತ್ರ ಕೈಯಲ್ಲಿದ್ದರೆ ಹೆಸರು ಪೂರ್ತಿ ನಮ್ಮದು ಎಂಬ ನಂಬಿಕೆ ನಮ್ಮ ವ್ಯಾಪಾರಸ್ಥರಲ್ಲಿ ಬಲವಾಗಿದೆಯಲ್ಲ, ಅದು ಸುಳ್ಳೆಂದು ಈ ತೀರ್ಪು ತೋರಿಸಿತು. ಹೆಸರಿಗೆ ಬರುವ ಬಲದಲ್ಲಿ ಬಹುಪಾಲು ನೋಂದಣಿಗೆ ಮೊದಲೇ ನಿಶ್ಚಯವಾಗಿರುತ್ತದೆ: ಯಾವ ಹೆಸರನ್ನು ಆರಿಸಿದಿರಿ, ಯಾವಾಗಿನಿಂದ ಬಳಸಿದಿರಿ, ಬಳಸಿದ್ದಕ್ಕೆ ಏನು ಉಳಿಸಿಕೊಂಡಿದ್ದೀರಿ. ನೋಂದಣಿಯನ್ನು ಜಮೀನಿನ ಪಹಣಿಗೆ ಹೋಲಿಸಬಹುದು. ಪಹಣಿ ಬೇಕೇ ಬೇಕು, ಆದರೆ ಹೊಲದಲ್ಲಿ ಯಾರು ಉಳುತ್ತಿದ್ದಾರೆ ಎಂದು ಕೋರ್ಟು ಕೇಳದೆ ಬಿಡುವುದಿಲ್ಲ.

ಮೊದಲು ಹೆಸರಿನ ಆಯ್ಕೆ. ನಮ್ಮಲ್ಲಿ ವ್ಯಾಪಾರಕ್ಕೆ ಹೆಸರಿಡುವುದೆಂದರೆ ಮನೆದೇವರು, ಇಲ್ಲವೇ ಹಿರಿಯ ಮಗಳು, ಇಲ್ಲವೇ ಊರು. ಭಕ್ತಿಯೂ ಪ್ರೀತಿಯೂ ಸರಿಯೇ, ಕಾನೂನು ಮಾತ್ರ ಆ ಹೆಸರುಗಳಿಗೆ ಅರೆಮನಸ್ಸಿನ ರಕ್ಷಣೆ ಕೊಡುತ್ತದೆ. ಮಂಜುನಾಥ, ವೆಂಕಟೇಶ್ವರ, ಅನ್ನಪೂರ್ಣೇಶ್ವರಿ ಎಂಬ ಬೋರ್ಡು ಊರಿಗೆ ಹತ್ತಿದ್ದರೆ ಯಾರು ಯಾರನ್ನು ತಡೆಯುವುದು? 2015ರಲ್ಲಿ ಅಗರಬತ್ತಿಗೆ ರಾಮಾಯಣ ಎಂಬ ಹೆಸರನ್ನು ನೋಂದಾಯಿಸಿಕೊಳ್ಳಲು ಹೊರಟ ವ್ಯಾಪಾರಿಗೆ, ಪವಿತ್ರ ಗ್ರಂಥದ ಹೆಸರು ಒಬ್ಬರ ಸ್ವತ್ತಾಗಲಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ಅಗರಬತ್ತಿ ಲೋಕದಿಂದ ಇನ್ನೊಂದು ಉದಾಹರಣೆ ನಮ್ಮ ಮೈಸೂರಿನದೇ ಇದೆ. 1948ರಲ್ಲಿ ಎನ್. ರಂಗರಾವ್ ಅವರು ಆರಂಭಿಸಿದ ಸಂಸ್ಥೆಯ ಅಗರಬತ್ತಿಗೆ ಸೈಕಲ್ ಎಂದು ಹೆಸರು. ಊದಿನಕಡ್ಡಿಗೂ ಸೈಕಲ್ಲಿಗೂ ಏನು ಸಂಬಂಧ? ಏನೂ ಇಲ್ಲ. ಸಂಬಂಧ ಇಲ್ಲದಿರುವುದೇ ಅದರ ಬಲ. ಓದಲು ಬಾರದವನೂ ಚಿತ್ರ ನೋಡಿ ಕೇಳಬಲ್ಲ, ಯಾವ ಭಾಷೆಯವನಿಗೂ ಅರ್ಥವಾಗುತ್ತದೆ, ಬೇರೆ ಅಗರಬತ್ತಿಯವನಿಗೆ ಸೈಕಲ್ ಎಂದು ಬರೆದುಕೊಳ್ಳಲು ಯಾವ ನೆಪವೂ ಇರುವುದಿಲ್ಲ. ಸರಕಿನ ಗುಣವನ್ನೇ ಹೇಳುವ ಹೆಸರುಗಳು, ಶುದ್ಧ, ತಾಜಾ, ರುಚಿ ಎಂಬಂಥವು, ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಎಡವುತ್ತವೆ. ತುಪ್ಪ ಮಾರುವವರೆಲ್ಲ ಶುದ್ಧ ತುಪ್ಪ ಎಂದೇ ಹೇಳಬೇಕು, ಆ ಪದವನ್ನು ಒಬ್ಬರಿಗೆ ಬರೆದುಕೊಟ್ಟರೆ ಉಳಿದವರು ಏನೆಂದು ಕೂಗಿ ಮಾರಬೇಕು? ಊರಿನ ಹೆಸರಿಗೂ ಇದೇ ತೊಂದರೆ. ಅದಕ್ಕೆ ಭೌಗೋಳಿಕ ಸೂಚಕ ಎಂಬ ಬೇರೆಯೇ ಕಾಯ್ದೆ ಇದೆ, ಮೈಸೂರು ರೇಷ್ಮೆ ಬರುವುದು ಅದರಡಿ. ಆ ವಿಷಯಕ್ಕೆ ಇನ್ನೊಂದು ದತ್ತಿ ಉಪನ್ಯಾಸವೇ ಬೇಕು.

ಹೆಸರಿನ ಅರ್ಥ ಬೇರೆಯಾದರೆ ಸಾಕೇ ಎಂದು ಕೇಳುತ್ತಾರೆ. ಸಾಲದು. ಮದ್ರಾಸಿನ ನಸ್ಯದ ಮೊಕದ್ದಮೆ ಈ ವಿಷಯದಲ್ಲಿ ಇವತ್ತಿಗೂ ಪಾಠ. ಶ್ರೀ ಅಂಬಾಳ್ ಎಂಬ ನಸ್ಯ ಮೊದಲಿನಿಂದ ನೋಂದಣಿಯಾಗಿತ್ತು. ಇನ್ನೊಬ್ಬ ವ್ಯಾಪಾರಿ ಶ್ರೀ ಆಂಡಾಳ್ ಎಂಬ ಹೆಸರಿಗೆ ಅರ್ಜಿ ಹಾಕಿದರು. ಅಂಬಾಳ್ ಶಿವನ ಮಡದಿ, ಆಂಡಾಳ್ ವೈಷ್ಣವ ಭಕ್ತೆ, ಇಬ್ಬರನ್ನೂ ಒಂದೇ ಎಂದುಕೊಳ್ಳುವ ಹಿಂದೂ ಯಾರಿದ್ದಾನೆ ಎಂಬುದು ಅವರ ವಾದ. 1969ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನಸ್ಯ ಕೊಳ್ಳುವವರೆಲ್ಲ ಪುರಾಣ ಬಲ್ಲವರಲ್ಲ, ಕಿವಿಗೆ ಎರಡೂ ಹೆಸರು ಹತ್ತಿರ ಹತ್ತಿರ ಕೇಳಿಸುತ್ತವೆ, ಅಷ್ಟು ಸಾಕು ಎಂದಿತು. ಕಿರಾಣಿ ಅಂಗಡಿಯ ಗಲ್ಲಾದ ಎದುರು ನಿಂತು, ನಾಲ್ಕು ಜನರ ಗದ್ದಲದ ನಡುವೆ ಕೂಗಿ ಕೇಳಿ ನೋಡಿ. ಕಂಪ್ಯೂಟರಿನಲ್ಲಿ ಅಕ್ಷರ ಹೋಲಿಸುವುದಕ್ಕಿಂತ ಅದೇ ಒಳ್ಳೆಯ ಪರೀಕ್ಷೆ. ಅಂಗಡಿಯವನು ಕೈ ಹಾಕಿದ್ದು ಬೇರೆ ಡಬ್ಬಿಗಾದರೆ ಆ ಹೆಸರು ಬಿಟ್ಟುಬಿಡಿ.

ಇನ್ನು ಕಚೇರಿಯ ಕೆಲಸ. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದರಲ್ಲಿ ರಹಸ್ಯವೇನಿಲ್ಲ. ಈಗಿರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ, ಜಾರಿಗೆ ಬಂದದ್ದು 2003ರ ಸೆಪ್ಟೆಂಬರಿನಲ್ಲಿ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಆನ್‌ಲೈನಿನಲ್ಲಿ ಹಾಕುವುದರಿಂದ ಯಾರೂ ರೈಲು ಹತ್ತಬೇಕಿಲ್ಲ. ಸರಕು ಸೇವೆಗಳನ್ನೆಲ್ಲ 45 ವರ್ಗಗಳಾಗಿ ಮಾಡಿದ್ದಾರೆ: ಸರಕುಗಳಿಗೆ 34, ಸೇವೆಗಳಿಗೆ 11. ಬಿಡಿ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮವಾದರೆ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಹಾಕುವ ಮೊದಲು ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಹುಡುಕಿ ನೋಡುವುದು ಉಚಿತ. ಪರೀಕ್ಷಕರ ವರದಿ ಬಂದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ನಮ್ಮವರು ಎಡವುವುದು ಇಲ್ಲೇ: ಅರ್ಜಿಯಲ್ಲಿ ಕೊಟ್ಟ ಇಮೇಲ್ ಕಂಪ್ಯೂಟರ್ ಸೆಂಟರಿನ ಹುಡುಗನದಾಗಿರುತ್ತದೆ, ವರದಿ ಬಂದದ್ದೇ ಗೊತ್ತಿರುವುದಿಲ್ಲ, ಅರ್ಜಿ ಕೈಬಿಟ್ಟಂತೆ ಆಗುತ್ತದೆ. ಪರೀಕ್ಷಕರು ಒಪ್ಪಿದರೆ ಹೆಸರು ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ, ನಾಲ್ಕು ತಿಂಗಳು ಯಾರು ಬೇಕಾದರೂ ಆಕ್ಷೇಪ ಹಾಕಬಹುದು. ಯಾರೂ ಹಾಕದಿದ್ದರೆ ಪತ್ರ ಕೈಗೆ ಬರುತ್ತದೆ. ಅರ್ಜಿ ಹಾಕಿದ ದಿನದಿಂದ ಹತ್ತು ವರ್ಷ ಅದರ ಆಯುಷ್ಯ, ಆಮೇಲೆ ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ಅರ್ಜಿ ಹಾಕಿದ ಕೂಡಲೇ ಟಿಎಂ ಎಂದು ಬರೆದುಕೊಳ್ಳಬಹುದು, ಸುತ್ತು ಹಾಕಿದ ಆರ್ ಅಕ್ಷರ ಮಾತ್ರ ಪತ್ರ ಬಂದ ಮೇಲೆಯೇ. ಅದಕ್ಕೆ ಮುಂಚೆ ಹಾಕಿಕೊಂಡರೆ ಅದೇ ಒಂದು ತಪ್ಪು.

ಕಂಪನಿ ನೋಂದಣಿಯಾಗಿದೆ, ಜಿಎಸ್‌ಟಿ ಇದೆ, ನಗರಸಭೆಯ ಟ್ರೇಡ್ ಲೈಸೆನ್ಸ್ ಇದೆ, ಇನ್ನೇನು ಬೇಕು ಎನ್ನುವವರಿಗೆ ಒಂದೇ ಮಾತು. ಇವುಗಳಲ್ಲಿ ಯಾವುದೂ ಹೆಸರಿನ ಮೇಲೆ ನಿಮಗೆ ಹಕ್ಕು ಕೊಡುವುದಿಲ್ಲ. ನೋಂದಾಯಿತ ಟ್ರೇಡ್‌ಮಾರ್ಕಿನ ಒಂದು ದೊಡ್ಡ ಲಾಭವನ್ನು ನಮ್ಮ ಜಿಲ್ಲೆಗಳ ವ್ಯಾಪಾರಸ್ಥರು ಗಮನಿಸಿಯೇ ಇಲ್ಲ. ದೆಹಲಿಯಲ್ಲೋ ಸೂರತ್ತಿನಲ್ಲೋ ಕೂತವನು ನಿಮ್ಮ ಹೆಸರನ್ನು ಕದ್ದರೆ, 134ನೇ ಸೆಕ್ಷನ್ನಿನ ಪ್ರಕಾರ ನೀವು ವ್ಯಾಪಾರ ಮಾಡುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ನೋಂದಣಿ ಇಲ್ಲದಿದ್ದರೆ, ತಮ್ಮ ಸರಕನ್ನು ನಿಮ್ಮದೆಂಬಂತೆ ಮಾರುವವರ ಮೇಲೆ ಹೂಡುವ ಪಾಸಿಂಗ್ ಆಫ್ ಎಂಬ ದಾವೆ ಇದ್ದೇ ಇದೆ, ಆದರೆ ಅದಕ್ಕೆ ಈ ಸೌಲಭ್ಯವಿಲ್ಲ, ಹೆಸರಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಇದೆ ಎಂಬುದನ್ನೂ ಮೊದಲಿನಿಂದ ಸಾಬೀತು ಮಾಡುತ್ತ ಬರಬೇಕು.

ಪತ್ರ ಬಂತು, ಗೋಡೆಗೆ ಫ್ರೇಮ್ ಹಾಕಿಸಿ ತೂಗಿಬಿಟ್ಟಿರಿ. ಕೆಲಸ ಮುಗಿಯಿತೇ? ಬೆಂಗಳೂರಿನ ಖೋಡೇ ಡಿಸ್ಟಿಲರೀಸಿನ ಪೀಟರ್ ಸ್ಕಾಟ್ ವಿಸ್ಕಿಯ ಪ್ರಕರಣ ಕೇಳಿ. 1968ರಲ್ಲಿ ಅರ್ಜಿ, 1974ರಲ್ಲಿ ನೋಂದಣಿ. ಸ್ಕಾಟ್ ಎಂಬ ಪದದಿಂದ ಇದು ಸ್ಕಾಟ್ಲೆಂಡಿನ ವಿಸ್ಕಿ ಎಂದು ಕುಡಿಯುವವರು ಭ್ರಮೆಗೊಳ್ಳುತ್ತಾರೆ ಎಂಬುದು ಸ್ಕಾಚ್ ವಿಸ್ಕಿ ತಯಾರಕರ ಸಂಘದ ತಕರಾರು. ಈ ಹೆಸರಿನ ಹಿಂದೆ ಕಂಪನಿಯ ಬ್ಲೆಂಡರ್ ಒಬ್ಬರ ಸ್ಕಾಟ್ ತಂದೆಯೂ ಅನ್ವೇಷಕ ಕ್ಯಾಪ್ಟನ್ ಸ್ಕಾಟರ ಮಗ, ವನ್ಯಜೀವಿ ತಜ್ಞ ಪೀಟರ್ ಸ್ಕಾಟರೂ ಇದ್ದಾರೆಂದು ಕಂಪನಿ ವಿವರಿಸಿತು, ಇದ್ದರೂ ಇರಬಹುದು. ಕೊನೆಗೆ ಫಲಿತಾಂಶವನ್ನು ನಿರ್ಧರಿಸಿದ್ದು ಇವರಿಬ್ಬರೂ ಅಲ್ಲ. ನೋಂದಣಿಯಾದ ವಿಷಯ ಸಂಘಕ್ಕೆ 1974ರಲ್ಲೇ ತಿಳಿದಿತ್ತು, ರದ್ದು ಮಾಡಿಸಲು ಬಂದದ್ದು 1986ರಲ್ಲಿ. ಹನ್ನೆರಡು ವರ್ಷ ಸುಮ್ಮನಿದ್ದವರಿಗೆ ಈಗ ಕೇಳುವ ಹಕ್ಕಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸ್ಕಾಚ್ ಕುಡಿಯುವವರು ತಿಳಿವಳಿಕೆಯುಳ್ಳವರು, ಹೆಸರಿನಿಂದಷ್ಟೇ ಮೋಸ ಹೋಗುವುದಿಲ್ಲ ಎಂಬ ಮಾತನ್ನೂ ಸೇರಿಸಿತು! ಆ ಗೌರವ ನಸ್ಯ ಹಾಕುವವರಿಗೆ ಸಿಗಲಿಲ್ಲ. ಸ್ಕಾಟ್ಲೆಂಡಿನವರೇ ಸಮಯಕ್ಕೆ ಸರಿಯಾಗಿ ತಕರಾರು ತೆಗೆಯದೆ ಸೋತರೆಂದ ಮೇಲೆ, ನಾವು ಜರ್ನಲ್ಲಿನ ಮೇಲೆ ಪ್ರತಿ ವಾರ ಒಮ್ಮೆಯಾದರೂ ಕಣ್ಣು ಹಾಯಿಸುವುದು ಒಳ್ಳೆಯದು. ಇನ್ನೊಂದು ಅಪಾಯ: ನೋಂದಾಯಿಸಿ ಐದು ವರ್ಷಕ್ಕೂ ಹೆಚ್ಚು ಕಾಲ ಬಳಸದೆ ಇಟ್ಟ ಹೆಸರನ್ನು ಬೇರೆಯವರು ರದ್ದು ಮಾಡಿಸಬಹುದು.

ಈಗ ಬಳಕೆಯ ದಾಖಲೆಯ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ತಿರುನೆಲ್ವೇಲಿಯ ಹಲ್ವಾ ಅಂಗಡಿಯೊಂದಕ್ಕೆ ಇರುಟ್ಟುಕಡೈ, ಅಂದರೆ ಕತ್ತಲೆ ಅಂಗಡಿ, ಎಂದೇ ಹೆಸರು. ದೀಪ ಮಂದ, ಬೋರ್ಡಿಗಿಂತ ಜನರ ಬಾಯಿಮಾತೇ ಹೆಚ್ಚು. ಇನ್ನೊಬ್ಬರು ಅದೇ ಹೆಸರಿನ ಮುಂದೆ ತಿರುನೆಲ್ವೇಲಿ ಎಂದು ಸೇರಿಸಿ ವ್ಯಾಪಾರಕ್ಕೆ ಇಳಿದರು, ನೋಂದಣಿಯನ್ನೂ ಪಡೆದರು. 2015ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಅಂಗಡಿಯ ಪರ ತೀರ್ಪು ಕೊಟ್ಟಿತು. ನೋಂದಣಿ ಇದ್ದ ಹಕ್ಕನ್ನು ಗುರುತಿಸುತ್ತದೆಯೇ ಹೊರತು ಇಲ್ಲದ ಹಕ್ಕನ್ನು ಹುಟ್ಟಿಸುವುದಿಲ್ಲ, ಮೊದಲು ಬಳಸಿದವರ ಹಕ್ಕು ದೊಡ್ಡದು ಎಂಬುದು ಅದರ ಸಾರ.

ಆದರೆ ಮೊದಲು ಬಳಸಿದ್ದೇವೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಅರ್ಜಿಯಲ್ಲಿ ಒಂದು ಕಲಂ ಇದೆ. ಹೆಸರನ್ನು ಇನ್ನು ಮುಂದೆ ಬಳಸುತ್ತೀರೋ, ಈಗಾಗಲೇ ಇಂಥ ದಿನದಿಂದ ಬಳಸುತ್ತಿದ್ದೀರೋ ಎಂಬ ಪ್ರಶ್ನೆ. ಎರಡನೆಯದನ್ನು ಬರೆದರೆ ಪುರಾವೆಯೊಂದಿಗೆ ಅಫಿಡವಿಟ್ ಕೊಡಬೇಕು. ಆ ತಲೆನೋವು ಬೇಡವೆಂದು ಎಷ್ಟೋ ಮಧ್ಯವರ್ತಿಗಳು ಮೊದಲನೆಯದಕ್ಕೇ ಗುರುತು ಹಾಕಿ ಕಳಿಸುತ್ತಾರೆ. ತಂದೆಯ ಕಾಲದಿಂದ ನಡೆದ ಅಂಗಡಿ ಆ ಒಂದು ಗುರುತಿನಿಂದ ಕಾಗದದ ಮೇಲೆ ನಿನ್ನೆ ಹುಟ್ಟಿದ ಕೂಸಾಗುತ್ತದೆ. ಬಯಲುಸೀಮೆಯ ಒಂದು ಮಸಾಲೆ ಪುಡಿ ವ್ಯಾಪಾರದವರು ಆಕ್ಷೇಪಕ್ಕೆ ಉತ್ತರ ಬರೆಸಲು ಬಂದಾಗ, ಹಳೆಯ ಬಿಲ್ ಪುಸ್ತಕಗಳನ್ನೆಲ್ಲ ದೀಪಾವಳಿಗೆ ಸುಣ್ಣ ಬಳಿಸುವಾಗ ಗುಜರಿಗೆ ಹಾಕಿದ್ದೆವು ಎಂದು ಕೈಚೆಲ್ಲಿ ಕೂತರು. ಅವರ ಜೊತೆ ಬಂದಿದ್ದ ತಾಯಿ, ಕ್ಯಾಲೆಂಡರ್ ಆದರೆ ನಡೆಯುತ್ತದೆಯೇ ಎಂದು ಕೇಳಿದರು. ಪ್ರತಿ ವರ್ಷ ಗಿರಾಕಿಗಳಿಗೆ ಹಂಚುತ್ತಿದ್ದ, ಕೆಳಗೆ ಅಂಗಡಿಯ ಹೆಸರೂ ಪುಡಿಯ ಪೊಟ್ಟಣದ ಚಿತ್ರವೂ ಇದ್ದ ಕ್ಯಾಲೆಂಡರುಗಳು. ಲಕ್ಷ್ಮಿಯ ಚಿತ್ರವಿರುವ ಹಾಳೆಯನ್ನು ಕಸಕ್ಕೆ ಹಾಕಬಾರದೆಂದು ಸುರುಳಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರಂತೆ. ಇಸವಿ ಅಚ್ಚಾದ, ಮುದ್ರಣಾಲಯದ ಹೆಸರಿದ್ದ ದಾಖಲೆ. ಅದಕ್ಕಿಂತ ಬೇಕೇ? ಅದರ ಜೊತೆಗೆ ಪೊಟ್ಟಣ ಅಚ್ಚು ಹಾಕಿಸಿದ ಪ್ರೆಸ್ಸಿನ ಬಿಲ್ಲು, ಪತ್ರಿಕೆಯ ಆಯುಧಪೂಜೆ ಜಾಹೀರಾತು, ಲಾರಿ ಆಫೀಸಿನ ರಸೀದಿ ಇವೆಲ್ಲವೂ ಪುರಾವೆಯೇ. ಹೊಸ ವ್ಯಾಪಾರ ಶುರು ಮಾಡುವವರು ಮೊದಲ ಬಿಲ್ಲಿನ ಪ್ರತಿಯನ್ನು ದೇವರ ಪಟದ ಹಿಂದಾದರೂ ಇಟ್ಟುಕೊಳ್ಳಲಿ.

ಸರ್ಕಾರಿ ನಿಗಮಗಳಿಗೂ ಈ ಪುರಾವೆಯ ಪಾಡು ತಪ್ಪಿಲ್ಲ. ಕೆಎಸ್‌ಆರ್‌ಟಿಸಿ ಎಂಬ ಅಕ್ಷರಗಳು ಕರ್ನಾಟಕದವೋ ಕೇರಳದವೋ ಎಂಬ ಜಗಳ ನಿಮಗೆಲ್ಲ ಗೊತ್ತು. ಕೇರಳದ ನಿಗಮ 1965ರಲ್ಲಿ ಹುಟ್ಟಿದ್ದು, ನಮ್ಮದು ಮೈಸೂರು ರಾಜ್ಯ ಕರ್ನಾಟಕವಾದ 1973ರ ನವೆಂಬರ್ 1ರಿಂದ ಈ ಅಕ್ಷರಗಳನ್ನು ಬಳಸುತ್ತಿದೆ. ಹಿರಿತನ ಅವರದು, ಆದರೆ 2013ರಲ್ಲಿ ಮೊದಲು ನೋಂದಣಿ ಪಡೆದವರು ನಾವು. ಕೇರಳ ಮೇಲ್ಮನವಿ ಮಂಡಳಿಗೆ ಹೋಯಿತು. 2021ರಲ್ಲಿ ಆ ಮಂಡಳಿಯನ್ನೇ ಮುಚ್ಚಿದ್ದರಿಂದ ಪ್ರಕರಣ ಮದ್ರಾಸ್ ಹೈಕೋರ್ಟಿಗೆ ಬಂತು, 2023ರ ಡಿಸೆಂಬರಿನಲ್ಲಿ ಕೇರಳದ ಅರ್ಜಿ ವಜಾ ಆಯಿತು. ಇಷ್ಟು ವರ್ಷವೂ ಎರಡು ರಾಜ್ಯಗಳ ಬಸ್ಸುಗಳು ಒಂದೇ ನಿಲ್ದಾಣದಲ್ಲಿ ಅಕ್ಕಪಕ್ಕ ನಿಂತು ಜನ ಹತ್ತಿಸಿಕೊಂಡು ಹೋಗುತ್ತಲೇ ಇದ್ದವು. ಯಾರೂ ಅಕ್ಷರ ನೋಡಿ ಕಾಸರಗೋಡಿಗೆ ಹೋಗಬೇಕಾದವರು ಹಾಸನಕ್ಕೆ ಹೋಗಲಿಲ್ಲ. ಬೇರೆ ಬೇರೆ ಜಾಗದಲ್ಲಿ ಪ್ರಾಮಾಣಿಕವಾಗಿ ಒಂದೇ ಹೆಸರು ಬಳಸಿದವರಿಬ್ಬರಿಗೂ ನೋಂದಣಿ ಕೊಡಲು 12ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಇಂಥ ಪ್ರಕರಣಗಳಲ್ಲಿ ಮೊದಲೇ ಕೂತು ಮಾತಾಡಿ ಆ ದಾರಿ ಹಿಡಿಯುವುದು ಮೇಲೆಂದು ನನ್ನ ಅಭಿಪ್ರಾಯ.

ಕೊನೆಯದಾಗಿ ಮನೆಯೊಳಗಿನ ಜಗಳ. ಹೊರಗಿನ ಕಳ್ಳರಿಗಿಂತ ಇದರಿಂದ ಕೆಟ್ಟ ಹೆಸರುಗಳೇ ಹೆಚ್ಚು. ಅಪ್ಪ ಇರುವವರೆಗೆ ಒಂದೇ ಅಂಗಡಿ. ಅಪ್ಪ ಹೋದ ಮೇಲೆ ಅಣ್ಣ ಹಳೇ ಪೇಟೆಯಲ್ಲಿ, ತಮ್ಮ ಬಸ್ ಸ್ಟ್ಯಾಂಡಿನ ಎದುರು. ಎರಡೂ ಬೋರ್ಡಿನಲ್ಲಿ ಅದೇ ಹೆಸರು, ಒಂದರಲ್ಲಿ ಒರಿಜಿನಲ್, ಇನ್ನೊಂದರಲ್ಲಿ ನಮಗೆ ಬೇರೆ ಶಾಖೆ ಇಲ್ಲ. ಇಬ್ಬರಲ್ಲಿ ಒಬ್ಬರು ಸದ್ದಿಲ್ಲದೆ ಚೆನ್ನೈಗೆ ಅರ್ಜಿ ಹಾಕಿ, ಅಪ್ಪನ ಕಾಲದ ಬಳಕೆಯನ್ನು ತಮ್ಮೊಬ್ಬರ ಲೆಕ್ಕಕ್ಕೆ ಬರೆದುಕೊಂಡಿರುತ್ತಾರೆ. ಚೆನ್ನಾಗಿ ಹಂಚಿಕೊಂಡವರೂ ಇದ್ದಾರೆ. 1924ರಲ್ಲಿ ಶುರುವಾದ ಎಂಟಿಆರ್ ಇವತ್ತು ಎರಡು ಸ್ವತಂತ್ರ ವ್ಯವಹಾರ. ಪೊಟ್ಟಣಗಳ ಎಂಟಿಆರ್ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಗೆ ಮಾರಾಟವಾಯಿತು, ಲಾಲ್‌ಬಾಗ್ ರಸ್ತೆಯ ಹೋಟೆಲು ಕುಟುಂಬದಲ್ಲೇ ಉಳಿಯಿತು. ಸರಕಿನ ವರ್ಗ ಬೇರೆ, ಸೇವೆಯ ವರ್ಗ ಬೇರೆ ಎಂಬ ಕಾನೂನಿನ ಏರ್ಪಾಡು ಇಂಥ ಹಂಚಿಕೆಗೆ ಜಾಗ ಕೊಡುತ್ತದೆ.

ಹೀಗೆ ಮಾಡಬೇಕಾದರೆ ಪಾಲುದಾರಿಕೆ ಪತ್ರದಲ್ಲೋ ವಿಭಾಗ ಪತ್ರದಲ್ಲೋ ಹೆಸರು ಯಾರ ಪಾಲಿಗೆ, ಯಾವ ಸರಕಿಗೆ, ಯಾವ ಊರಿನ ಮಟ್ಟಿಗೆ ಎಂದು ಸ್ಪಷ್ಟವಾಗಿ ಬರೆಯಬೇಕು. ತೂಕದ ಯಂತ್ರ, ಗಲ್ಲಾಪೆಟ್ಟಿಗೆ, ಫ್ರಿಜ್ ಎಲ್ಲವನ್ನೂ ಪಟ್ಟಿ ಮಾಡಿ ಹಂಚುವ ನಮ್ಮ ವಿಭಾಗ ಪತ್ರಗಳಲ್ಲಿ ಹೆಸರಿನ ಸಾಲನ್ನು ನಾನು ಕಂಡದ್ದು ಅಪರೂಪ. ಬರೆದಾದ ಮೇಲೆ ಮಾಲೀಕತ್ವದ ಬದಲಾವಣೆಯನ್ನು ನೋಂದಣಿ ಕಚೇರಿಯ ದಾಖಲೆಗೂ ಏರಿಸಬೇಕು. ಆ ಅರ್ಜಿಯ ನಮೂನೆಯನ್ನೂ ಬಳಕೆಯ ಅಫಿಡವಿಟ್ಟಿನ ಮಾದರಿಯನ್ನೂ ಕನ್ನಡದಲ್ಲಿ ವಿವರ ಬರೆದು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿವೆ. ಪ್ರಶ್ನೆಗಳಿದ್ದವರು ಈಗ ಕೇಳಬಹುದು.